ವಾಲ್ವು ಕಾಯುತ್ತಿದ್ದ ಮನೆ

ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವ ಮೊದಲು ಅಮ್ಮನ ಅಪ್ಪಣೆ ಕೇಳಬೇಕಿತ್ತು. ಕೇಳಬೇಕಾಗಿದ್ದವಳು ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ. ಅತ್ತೆಯಾದವಳು ಸೊಸೆಯ ಅಪ್ಪಣೆಗೆ ಕಾಯುವುದು ಎಂಥ ಕಾಲ ಬಂತು ಎಂದು ದಿನವೂ ಗೊಣಗುತ್ತಿದ್ದಳು. ಗೊಣಗುತ್ತಲೇ ಕಾಯಿ ತುರಿದು ಜಾರಿಗೆ ಹಾಕಿ, ಮುಚ್ಚಳ ಒತ್ತಿ ಹಿಡಿದುಕೊಂಡು, ಅಡುಗೆಮನೆಯ ಬಾಗಿಲಿನಿಂದ ಕತ್ತು ಚಾಚಿ ಕೂಗುತ್ತಿದ್ದಳು.

“ಸರೋಜಾ, ನಿನ್ನ ಪೆಟ್ಟಿಗೆ ಹಾಕಿದ್ದೀಯೇನೇ? ಮಿಕ್ಸಿ ತಿರುಗಿಸಲೋ, ಇವತ್ತೂ ಒರಳಲ್ಲೇ ರುಬ್ಬಲೋ?”

ಅಮ್ಮ ಕೈ ಎತ್ತುತ್ತಿದ್ದಳು. ಅಂಗೈ ತೋರಿಸಿದರೆ ತಡೆಯಿರಿ ಎಂದು, ಕೈ ಇಳಿಸಿದರೆ ಹಾಕಿಕೊಳ್ಳಿ ಎಂದು. ಕೂಗಿ ಹೇಳುವುದಕ್ಕೆ ಅವಳಿಗೆ ದನಿ ಇರಲಿಲ್ಲ.

ಹೊಳೆನರಸೀಪುರದ ಅಂಚಿನಲ್ಲಿ, ವಿದ್ಯುತ್ ಸಬ್‌ಸ್ಟೇಷನ್ನಿನ ಬೇಲಿಗೆ ತಾಗಿಕೊಂಡಿದ್ದ ಕ್ವಾರ್ಟರ್ಸಿನಲ್ಲಿ ನಾವಿದ್ದೆವು. ಒಂದು ನಡುಮನೆ, ಒಂದು ರೂಮು, ಅಡುಗೆಮನೆ, ಹಿಂದೆ ಬಚ್ಚಲು, ಇಷ್ಟೇ. ಅಪ್ಪ ಸಬ್‌ಸ್ಟೇಷನ್ನಿನಲ್ಲಿ ಆಪರೇಟರು. ಊರಿಗೆ ಕರೆಂಟು ಬಿಡುವುದು, ತೆಗೆಯುವುದು, ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ದಪ್ಪ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಬೇಲಿಯಾಚೆಯ ದೊಡ್ಡ ಟ್ರಾನ್ಸ್‌ಫಾರ್ಮರು ಬಿಡುವಿಲ್ಲದೆ ಗುಂಯ್ ಎನ್ನುತ್ತಿತ್ತು. ಬಂದ ನೆಂಟರಿಗೆ ಆ ಸದ್ದಿಗೆ ತಲೆನೋವು ಬರುತ್ತಿತ್ತು, ನಮಗೆ ಅದು ನಿಂತರೆ ಎದೆ ಧಸಕ್ಕೆನ್ನುತ್ತಿತ್ತು. ಬೇಸಿಗೆಯಲ್ಲಿ ಕರೆಂಟಿನ ಅಭಾವ ಹೆಚ್ಚಾದ ದಿನಗಳಲ್ಲಿ ಆ ಸದ್ದು ಕೂದಲೆಳೆಯಷ್ಟು ತಗ್ಗುತ್ತಿತ್ತು. ಅಮ್ಮ ರೊಟ್ಟಿ ತಟ್ಟುತ್ತಲೇ ತಲೆ ಎತ್ತಿ, “ಇವತ್ತು ಶ್ರುತಿ ಇಳಿದಿದೆ” ಎಂದು ಪಿಸುಗುಡುತ್ತಿದ್ದಳು. ಅಪ್ಪ ಡ್ಯೂಟಿಗೆ ಹೋಗಿ ಮೀಟರು ನೋಡಿ, ಮಧ್ಯಾಹ್ನ ಊಟಕ್ಕೆ ಬಂದಾಗ, “ಹೌದು, ಇಳಿದಿತ್ತು” ಎನ್ನುತ್ತಿದ್ದರು. ಅವರಿಬ್ಬರ ನಡುವೆ ಪ್ರೀತಿಯ ಮಾತು ಅಂತ ನಾನು ಕೇಳಿದ್ದು ಹೆಚ್ಚುಕಡಿಮೆ ಇದೊಂದೇ.

ಅಮ್ಮ ಹುಟ್ಟಿದ್ದು ಅರಕಲಗೂಡಿನ ಆಚೆ ರುದ್ರಪಟ್ಟಣದಲ್ಲಿ, ಹಾಡುವವರ ಮನೆಯಲ್ಲಿ. ಐದನೇ ವರ್ಷದಿಂದ ತಾತನೇ, ಅಂದರೆ ಅವಳ ಅಪ್ಪನೇ, ಅವಳಿಗೆ ಪಾಠ ಹೇಳಿದ್ದರು. ನನಗೆ ಮೂರು ವರ್ಷವಿದ್ದಾಗ ಅವಳ ಕತ್ತಿನಲ್ಲಿ ಗಂಟಾಗಿ ಮೈಸೂರಿನಲ್ಲಿ ಆಪರೇಷನ್ ಆಯಿತು. ಗಂಟು ಹೋಯಿತು, ಜೊತೆಗೆ ದನಿಯೂ ಹೋಯಿತು. ಉಳಿದದ್ದು ಒಂದು ಪಿಸುಮಾತು. ಅದಾದ ಮೇಲೆ ತಾತ ನಮ್ಮ ಮನೆಗೆ ಬಂದಾಗಲೆಲ್ಲ ಮಳೆ, ಬೆಳೆ, ಮೊಮ್ಮಗಳ ಓದು ಎಲ್ಲ ಮಾತಾಡುತ್ತಿದ್ದರು, ಸಂಗೀತದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಆಗ ನಾವು ಹಾಸನದಲ್ಲಿದ್ದೆವು. ಪಕ್ಕದ ಮನೆಯ ಟೀಚರೊಬ್ಬರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ಸಿನಿಮಾ ಹಾಡು ನುಡಿಸುತ್ತಿದ್ದರು. ಆ ಸರಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡ ಅಮ್ಮ, ಒಂದು ದಿನ ಹೋಗಿ ಅವರ ಬಾಗಿಲು ತಟ್ಟಿದಳು. ಎರಡು ವರ್ಷದಲ್ಲಿ ಅದೇ ಸರಳಿನಲ್ಲಿ ತೋಡಿ ರಾಗ ನುಡಿಸಿದಳು. ಸುದ್ದಿ ತಿಳಿದ ತಾತ ಹೇಳಿ ಕಳಿಸಿದ್ದು ಒಂದೇ ಮಾತು: “ಅದು ಬ್ಯಾಂಡಿನವರ ವಾದ್ಯ.”

ಗಿಟಾರು ಕರೆಂಟಿನದು, ಪೆಟ್ಟಿಗೆ ಇಲ್ಲದೆ ಅದಕ್ಕೂ ದನಿಯಿಲ್ಲ. ಪೆಟ್ಟಿಗೆ ಸಿಕ್ಕಿದ್ದು ಹಾಸನದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಖಾದರ್ ಸಾಹೇಬರ ರೇಡಿಯೊ ರಿಪೇರಿ ಅಂಗಡಿಯಲ್ಲಿ. ಚನ್ನರಾಯಪಟ್ಟಣದ ಯಾವುದೋ ಆರ್ಕೆಸ್ಟ್ರಾ ಒಡೆದುಹೋದಾಗ ಅವರ ಕೈಗೆ ಬಂದ ಹಳೇ ವಾಲ್ವಿನ ಆಂಪ್ಲಿಫೈಯರು ಅದು. ಹಿಂಬದಿಯಲ್ಲಿ ಬಲ್ಬಿನಂಥ ಎರಡು ದೊಡ್ಡ ವಾಲ್ವು, ಮೂರು ಸಣ್ಣವು, ಗಾಜಿನೊಳಗೆ ಕಿತ್ತಳೆ ಬಣ್ಣದ ಬೆಳಕು. ಅಲ್ಲಿದ್ದ ಹೊಸ ಟ್ರಾನ್ಸಿಸ್ಟರ್ ಪೆಟ್ಟಿಗೆಗಳನ್ನೂ ಅಮ್ಮ ನುಡಿಸಿ ನೋಡಿದಳು. ಅವುಗಳಲ್ಲಿ ಸ್ವರ ಹುಟ್ಟಿದ ತಕ್ಷಣ ಸಾಯುತ್ತಿತ್ತಂತೆ. ಇದರಲ್ಲಿ ಮನುಷ್ಯರ ಉಸಿರಿನ ಹಾಗೆ ನಿಧಾನವಾಗಿ ಕರಗುತ್ತಿತ್ತಂತೆ. ಸಾಹೇಬರು ಪೆಟ್ಟಿಗೆ ಕೊಡುವ ಮುಂಚೆ ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ಪಾಠ ಹೇಳಿದರು.

“ನೋಡು ಬೇಟಿ, ಇದು ಬಲ್ಬಲ್ಲ. ಬಲ್ಬ್ ಹೋದ್ರೆ ಇನ್ನೊಂದು ಬಲ್ಬ್. ಇದು ಹೋದ್ರೆ ಖಲಾಸ್. ಮಾಡೋ ಫ್ಯಾಕ್ಟರಿಗಳೇ ಒಂದೊಂದಾಗಿ ಬಾಗಿಲು ಹಾಕ್ತಿವೆ. ಹಿಂದಿನೋರು ಇದನ್ನ ಚೆನ್ನಾಗಿ ಹಿಂಡಿದ್ದಾರೆ. ನಾನು ಒಳಗೆ ಲಗಾಮು ಸ್ವಲ್ಪ ಎಳ್ದು ಕಟ್ಟಿದ್ದೀನಿ. ಸೌಂಡು ಒಂದು ಚೂರು ಕಮ್ಮಿ, ಆಯಸ್ಸು ಡಬ್ಬಲ್. ಇನ್ನು ಉಳಿದದ್ದು ನಿನ್ನ ಕೈಲಿ.”

ಸಾಹೇಬರು ಪೆಟ್ಟಿಗೆಗೆ ಎರಡನೇ ಸ್ವಿಚ್ಚೊಂದನ್ನು ಕೂರಿಸಿದ್ದರು. ಮೊದಲ ಸ್ವಿಚ್ಚು ಹಾಕಿದರೆ ವಾಲ್ವಿನ ಒಳಗಿನ ಎಳೆ ಮಾತ್ರ ಕಾಯುತ್ತಿತ್ತು. ಅದು ಸರಿಯಾಗಿ ಕಾದ ಮೇಲೆಯೇ ಎರಡನೆಯದು ಹಾಕಿ ದೊಡ್ಡ ವೋಲ್ಟೇಜು ಕೊಡಬೇಕು. ಆಮೇಲೆ ಆರಿಸಿದಾಗ ಪೂರ್ತಿ ತಣ್ಣಗಾಗುವ ತನಕ ಪೆಟ್ಟಿಗೆಯನ್ನು ಅಲುಗಿಸಬಾರದು. ಬಿಸಿಯಾದಾಗ ಒಳಗಿನ ತಂತಿ ಮೆತ್ತಗಿರುತ್ತದೆ, ಒಂದು ಕುಲುಕಿಗೆ ಕಿತ್ತುಕೊಳ್ಳುತ್ತದೆ. ಹಿಂಬದಿ ಗೋಡೆಗೆ ಒತ್ತಿರಬಾರದು, ಗಾಳಿ ಆಡಬೇಕು. ಸ್ಪೀಕರಿನ ವೈರು ಸಿಕ್ಕಿಸದೆ ಯಾವತ್ತೂ ಚಾಲು ಮಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗಾಜಿನೊಳಗಿನ ಬೂದು ತಗಡು ಎಲ್ಲಾದರೂ ಕೆಂಪಗಾದರೆ ಮುಂದೆ ಹಿಂದೆ ನೋಡದೆ ಆರಿಸಿಬಿಡಬೇಕು. ಅಮ್ಮ ಇವನ್ನೆಲ್ಲ ವ್ರತದ ಹಾಗೆ ಪಾಲಿಸಿದಳು. ಸಂಜೆ ನಾಲ್ಕಕ್ಕೆ ದೇವರ ದೀಪಕ್ಕಿಂತ ಮುಂಚೆ ಮೊದಲ ಸ್ವಿಚ್ಚು. ನಾನು ಪೆಟ್ಟಿಗೆಯ ಹಿಂದೆ ಚಾಪೆ ಹಾಕಿಕೊಂಡು ಮಗ್ಗಿ ಬರೆಯಬೇಕು, ಎರಡು ಸಾಲಿಗೊಮ್ಮೆ ತಲೆ ಎತ್ತಿ ತಗಡಿನ ಬಣ್ಣ ನೋಡಬೇಕು. ಮಿಕ್ಸಿ ಹಾಕಿದರೆ ವೋಲ್ಟೇಜು ಕುಸಿದು ಮತ್ತೆ ನೆಗೆಯುತ್ತಿತ್ತು, ಅದಕ್ಕೇ ಅಜ್ಜಿಗೆ ಆ ನಿರ್ಬಂಧ. ಅಮ್ಮನ ಬೆರಳು ಸ್ಟೆಬಿಲೈಸರಿನ ಗುಂಡಿಯ ಮೇಲೆ, ಕಣ್ಣು ಅದರ ಮುಳ್ಳಿನ ಮೇಲೆ. ನಮ್ಮ ಮನೆಯಲ್ಲಿ ಸಂಗೀತ ಶುರುವಾಗುವ ಮೊದಲಿನ ಹೊತ್ತು ಯಾರೋ ಕಾಯಿಲೆ ಬಿದ್ದಿರುವ ಮನೆಯ ಹಾಗಿರುತ್ತಿತ್ತು.

ಒಂದು ಮಾಘದ ಚಳಿಯಲ್ಲಿ ಅಜ್ಜಿಗೆ ಪೆಟ್ಟಿಗೆಯ ಮೇಲೆ ಕರುಣೆ ಬಂತೋ ಏನೋ, ಅಮ್ಮ ನುಡಿಸಿ ಎದ್ದು ಹೋದ ಮೇಲೆ ಅದರ ಮೇಲೆ ತನ್ನ ಶಾಲು ಹೊದಿಸಿದಳು. ಪೆಟ್ಟಿಗೆ ಇನ್ನೂ ಚಾಲೂ ಇತ್ತು. ಅಮ್ಮ ಹಾಲು ಉಕ್ಕಿತೆಂದು ಎದ್ದವಳು ಅಲ್ಲೇ ಹತ್ತು ನಿಮಿಷ ತಡೆದಿದ್ದಳು. ಬಿಸಿ ಒಳಗೇ ಕೂತು ದೊಡ್ಡ ವಾಲ್ವುಗಳಲ್ಲಿ ಒಂದು ಹೋಯಿತು. ಅಮ್ಮ ಬೈಯಲಿಲ್ಲ, ಬೈಯುವುದಕ್ಕೂ ದನಿ ಬೇಕಲ್ಲ. ಮೂರು ದಿನ ಅಜ್ಜಿಯ ತಟ್ಟೆಗೆ ಬಡಿಸಿದಳು, ಮುಖ ನೋಡಲಿಲ್ಲ. ನಾಲ್ಕನೇ ದಿನ ಅಜ್ಜಿಯೇ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಖಾದರ್ ಸಾಹೇಬರ ಅಂಗಡಿಗೆ ಹೋದಳು. ಮಡಿಯ ಅಜ್ಜಿ ಅಂಗಡಿಯ ಹೊಸ್ತಿಲಾಚೆ ನಿಂತು ಕೈ ಮುಗಿದದ್ದು ನನ್ನ ಕಣ್ಣಲ್ಲಿದೆ. ಸಾಹೇಬರು ಮೇಲಿನ ಹಲಗೆಯಿಂದ ಹತ್ತಿಯಲ್ಲಿ ಸುತ್ತಿದ್ದ ಒಂದು ಜೋಡಿ ತೆಗೆದರು.

“ಅಮ್ಮಾಜಿ, ಇದು ಕೊನೇ ಜೋಡಿ. ನನ್ನ ಅಂಗಡೀಲಿ ಮಾತ್ರ ಅಲ್ಲ, ನನಗೆ ಗೊತ್ತಿರೋ ಯಾರ ಅಂಗಡೀಲೂ ಇಲ್ಲ. ಇದಕ್ಕೆ ಏನಾದ್ರೂ ಆದ್ರೆ ನನ್ನ ಹತ್ರ ಬರಬೇಡಿ, ನನಗೂ ಅಳು ಬರ್ತದೆ.”

ಆ ಕೊನೇ ಜೋಡಿ ಮನೆಗೆ ಬಂದ ಮೇಲೆ ಹಿಡಿತ ಇನ್ನೂ ಬಿಗಿಯಾಯಿತು. ಅಂಥದ್ದರಲ್ಲಿ ಎರಡು ಸಂಗತಿ ಒಟ್ಟಿಗೆ ಬಂದವು. ಊರಿನ ಸಂಗೀತಾಸಕ್ತರು ಕೆಲವರು ಸೇರಿ ಪೇಟೆಯ ಕಲ್ಯಾಣ ಮಂಟಪದಲ್ಲಿ ಅಮ್ಮನ ಕಛೇರಿ ಇಟ್ಟರು, ಅವಳ ಮೊದಲ ಕಛೇರಿ. ಅಮ್ಮ ತಾತನಿಗೆ ಕಾಗದ ಬರೆದಳು. ಬರುತ್ತೇನೆ, ಆದರೆ ಸಂಜೆ ಆರೂಕಾಲಿನ ಬಸ್ಸಿಗೆ ವಾಪಸು ಹೊರಡಬೇಕು ಎಂದು ತಾತ ಉತ್ತರ ಬರೆದರು. ಆ ಕಾರ್ಡನ್ನು ಅಮ್ಮ ಎಷ್ಟು ಸಲ ಓದಿದಳೋ, ಅದರ ಮಡಿಕೆಯೇ ಹರಿದುಹೋಯಿತು. ಇನ್ನೊಂದು, ಅದೇ ವಾರ ಊರಿನ ಕರೆಂಟು ಮಿಣುಕತೊಡಗಿತು. ದೀಪ ಒಮ್ಮೆ ಮಂಕಾಗಿ ಒಮ್ಮೆ ಭಗ್ಗೆಂದು ಉರಿಯುತ್ತಿತ್ತು. ಸ್ಟೆಬಿಲೈಸರು ಟಕಟಕ ಎಂದು ಹಲ್ಲು ಕಡಿಯುತ್ತಿತ್ತು. ಊರಿಗೆ ಹೋಗುವ ಲೈನಿನಲ್ಲಿ ಎಲ್ಲೋ ಒಂದು ಜಂಪರು, ಅಂದರೆ ಕಂಬದ ಮೇಲೆ ಎರಡು ತಂತಿಗಳನ್ನು ಕೂಡಿಸುವ ತುಂಡು, ಸಡಿಲವಾಗಿದೆ ಎಂದು ಅಪ್ಪ ಹೇಳಿದರು. ಅಮ್ಮ ಅಭ್ಯಾಸ ನಿಲ್ಲಿಸಿದಳು. ಕಛೇರಿಗೆ ನಾಲ್ಕು ದಿನವಿದೆ ಎನ್ನುವಾಗ ಊಟಕ್ಕೆ ಬಡಿಸುತ್ತ ಅಪ್ಪನನ್ನು ಕೇಳಿದಳು. ಪಿಸುಮಾತಾದರೂ ಪ್ರತಿ ಅಕ್ಷರವೂ ಕೇಳಿಸಿತು.

“ಊರಿಗೆಲ್ಲ ಕರೆಂಟು ಬಿಡೋರು ನೀವು. ಒಂದು ಜಂಪರು ಸರಿ ಮಾಡಿಸೋಕಾಗಲ್ವಾ?”

“ಸರದಿ ಇದೆ. ಪಂಪ್‌ಸೆಟ್ಟಿನ ಲೈನುಗಳು ಮೊದಲು. ಸೋಮವಾರ ಮಾಡ್ತಾರೆ.”

“ಕಛೇರಿ ಶನಿವಾರ.”

“ಮನೆ ಕೆಲಸಕ್ಕೆ ಅಂತ ಇಲಾಖೆಯವರನ್ನ ಕಂಬ ಹತ್ತಿಸಲ್ಲ ನಾನು.”

“ಇದು ಮನೆ ಕೆಲಸವಾ? ನನಗೆ ಇನ್ನೊಂದು ಸಲ ದನಿ ಹೋದರೆ ಅದೂ ಮನೆ ಕೆಲಸವಾ?”

ಅಪ್ಪ ಅನ್ನ ಕಲಸಿದ ಕೈ ಹಾಗೇ ಬಿಟ್ಟು ಎದ್ದರು. ಮೂರು ದಿನ ಮನೆಯಲ್ಲಿ ಟ್ರಾನ್ಸ್‌ಫಾರ್ಮರಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಶನಿವಾರ ಬೆಳಿಗ್ಗೆ ಅಪ್ಪ ಶೂ ಹಾಕಿಕೊಳ್ಳುತ್ತ, ಯಾರ ಕಡೆಗೂ ನೋಡದೆ, ಮಧ್ಯಾಹ್ನ ಎರಡಕ್ಕೆ ಲೈನ್ ತೆಗೆದು, ಅಂದರೆ ಊರಿನ ಕರೆಂಟು ನಿಲ್ಲಿಸಿ, ನಿಂಗೇಗೌಡನ ಕೈಲಿ ಜಂಪರು ಹಾಕಿಸುತ್ತೇನೆ, ನಾಲ್ಕರೊಳಗೆ ಮುಗಿಯುತ್ತದೆ ಎಂದರು. ನಿಂಗೇಗೌಡ ಅಲ್ಲಿನ ಲೈನ್‌ಮನ್ನು. ನನಗೆ ನಿಂಗಣ್ಣ. ಹೊಳೆಯಾಚೆಯ ಹಳ್ಳಿಯವನು, ಬರುವಾಗಲೆಲ್ಲ ನನಗೆ ಕಡಲೆಗಿಡವನ್ನೋ ಸೀಬೆಕಾಯಿಯನ್ನೋ ತರುತ್ತಿದ್ದ. ಅಪ್ಪ ತಮ್ಮ ಜೀವಮಾನದಲ್ಲಿ ಮನೆಗಾಗಿ ಸರದಿ ತಪ್ಪಿಸಿದ್ದು ಅದೊಂದೇ ಸಲ.

ಮಧ್ಯಾಹ್ನ ಪೆಟ್ಟಿಗೆಯನ್ನು ತಣ್ಣಗಿರುವಾಗಲೇ ಆಟೋದಲ್ಲಿ ಮಂಟಪಕ್ಕೆ ಸಾಗಿಸಿದೆವು. ಕಛೇರಿ ನಾಲ್ಕೂವರೆಗೆ. ತಾತ ನಾಲ್ಕಕ್ಕೇ ಬಂದರು. ಬಿಳಿ ಪಂಚೆ, ಹೆಗಲಮೇಲೆ ಶಲ್ಯ, ಕೈಯಲ್ಲಿ ಛತ್ರಿ. ಮೊದಲ ಸಾಲು ಬಿಟ್ಟು ಮೂರನೇ ಸಾಲಿನ ತುದಿಯಲ್ಲಿ, ಎದ್ದುಹೋಗಲು ಸುಲಭವಾಗುವಂತೆ ಕೂತರು. ನಾಲ್ಕಾಯಿತು, ನಾಲ್ಕೂವರೆಯಾಯಿತು, ಕರೆಂಟು ಬರಲಿಲ್ಲ. ಐದಾಯಿತು. ಮಂಟಪದವರು ಬಾಡಿಗೆ ಜನರೇಟರು ಇದೆ, ಅದಕ್ಕೇ ಸಿಕ್ಕಿಸೋಣ ಎಂದರು. ಅದರ ದೀಪ ತುಳುಕುವುದನ್ನು ನೋಡಿ ಅಮ್ಮ ತಲೆ ಆಡಿಸಿಬಿಟ್ಟಳು. ಅದರ ಕರೆಂಟು ಕುಡಿದರೆ ವಾಲ್ವು ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಜನ ಬೀಸಣಿಗೆ ಬೀಸಿಕೊಳ್ಳುತ್ತ ಮಾತಾಡತೊಡಗಿದರು. ಒಬ್ಬಿಬ್ಬರು ಎದ್ದು ಹೋದರು. ಅಮ್ಮ ವೇದಿಕೆಯ ಮೇಲೆ ಗಿಟಾರು ತೊಡೆಯಲ್ಲಿಟ್ಟುಕೊಂಡು ಕೂತೇ ಇದ್ದಳು. ಅವಳ ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು. ತಾತ ಜೇಬಿನಿಂದ ಗಡಿಯಾರ ತೆಗೆದು ನೋಡಿ ಒಳಗಿಟ್ಟರು. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದರು. ಆ ಎರಡನೇ ಸಲ ನನಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಚಪ್ಪಲಿ ಹುಡುಕಿಕೊಂಡು ಹೊರಬಿದ್ದು ಓಡಿದೆ.

ಸಬ್‌ಸ್ಟೇಷನ್ನಿನಲ್ಲಿ ನನಗಿಂತ ಮುಂಚೆ ಬೇರೊಬ್ಬರು ಬಂದಿದ್ದರು. ಕಛೇರಿ ಏರ್ಪಡಿಸಿದವರ ಪೈಕಿ ಒಬ್ಬ ಗಡಸು ದನಿಯ ಕಂಟ್ರಾಕ್ಟರು, ಅಪ್ಪನ ಮೇಜಿನ ಮುಂದೆ ನಿಂತು ಬಿಸಿಯಾಗಿದ್ದರು.

“ಏನ್ರೀ ಸ್ವಾಮಿ, ಅಲ್ಲಿ ಇನ್ನೂರು ಜನ ಕುಂತವ್ರೆ. ನಿಮ್ಮ ಮನೆಯೋರ್ದೇ ಪ್ರೋಗ್ರಾಮು. ಮುಖ್ಯ ಅತಿಥಿಗಳು ಎದ್ದು ಓಯ್ತಾವ್ರೆ. ಒಂದ್ ಗಂಟೆ ಕರೆಂಟ್ ಬಿಟ್ಟು ಆಮೇಲೆ ತೆಗೀರಿ.”

“ಲೈನ್ ಮೇಲೆ ಮನುಷ್ಯ ಇದ್ದಾನೆ.”

“ಅವ್ನು ಕೆಲಸ ಮುಗಿಸಿ ಎಲ್ಲೋ ಟೀ ಕುಡೀತಾವ್ನೆ ಕಣ್ರೀ. ನಿಮ್ಮ ಮೇಲಿನೋರಿಗೆ ಫೋನ್ ಮಾಡ್ಸಬೇಕಾ?”

“ಮಾಡ್ಸಿ. ಇಳಿದಿದ್ದೀನಿ ಅಂತ ಅವನೇ ಬಂದು ಈ ಕಾಗದಕ್ಕೆ ಸಹಿ ಹಾಕ್ದೆ ನಾನು ಲೈನ್ ಕೊಡಲ್ಲ.”

ಕಂಟ್ರಾಕ್ಟರು ಫೋನ್ ಮಾಡಿಸಲು ಹೋದರು. ಅಪ್ಪ ನನ್ನನ್ನು ಆಗ ನೋಡಿದರು. ಅವರ ಮುಖ ಬಾಡಿತ್ತು. ನಾಲ್ಕರೊಳಗೆ ಎಂದು ಮಾತು ಕೊಟ್ಟವರು ಅವರು, ಮೀರಿದ್ದು ಒಂದೂಕಾಲು ಗಂಟೆ. ಅಮ್ಮ ಏನಾದರೂ ಹೇಳಿ ಕಳಿಸಿದ್ದಾಳೆಯೇ ಎಂದು ಅವರ ಕಣ್ಣು ಕೇಳುತ್ತಿತ್ತು. ಆಗ ಹೇಳಿದ ಸುಳ್ಳನ್ನು ನಾನು ದಾರಿಯಲ್ಲಿ ಯೋಚಿಸಿಕೊಂಡು ಬಂದಿರಲಿಲ್ಲ. ಬಾಯಿ ತೆರೆದೆ, ಅದು ಸಿದ್ಧವಾಗಿ ನಾಲಿಗೆಯ ಮೇಲಿತ್ತು.

“ಅಪ್ಪ, ನಿಂಗಣ್ಣ ಇಳಿದಾಯ್ತು. ನಾನೇ ನೋಡಿದೆ. ಬರ್ತಾ ಇದ್ದಾನೆ.”

“ಎಲ್ಲಿ ನೋಡಿದೆ?”

“ಪೇಟೆ ಬೀದೀಲಿ. ಲೈನ್ ಕೊಡೋಕೆ ಹೇಳು ಅಂದ.”

ನಾನು ಅಲ್ಲಿಯವರೆಗೆ ಅಪ್ಪನಿಗೆ ಸುಳ್ಳು ಹೇಳಿದವಳಲ್ಲ. ಅವರು ನನ್ನನ್ನು ನಂಬಿದರು. ಅದು ನನಗೆ ಕಾಣಿಸಿತು. ಹಣೆಯ ಗೆರೆಗಳು ಸಡಿಲವಾದವು, ಭುಜ ಇಳಿಯಿತು, ಬಹುಶಃ ಅಮ್ಮನ ಮುಖವೇ ಕಣ್ಣಮುಂದೆ ಬಂದಿರಬೇಕು. ಜೇಬಿನಿಂದ ಬೀಗದ ಕೈ ತೆಗೆದು ಯಾರ್ಡಿಗೆ ನಡೆದರು. ಜಲ್ಲಿಯ ಮೇಲೆ ಅವರ ಶೂ ಕರಕರ ಎನ್ನುತ್ತಿತ್ತು. ಹಿಂದೆ ನಾನು. ಲೈನನ್ನು ಬೇರ್ಪಡಿಸುವ ಉದ್ದನೆಯ ಕಬ್ಬಿಣದ ಹಿಡಿಗೆ ಹಾಕಿದ್ದ ಬೀಗಕ್ಕೆ ಕೀಲಿ ಕೊಟ್ಟರು. ಬೀಗ ತೆರೆಯಿತು. ಹಿಡಿಯ ಮೇಲೆ ಎರಡೂ ಕೈ ಇಟ್ಟರು. ಆ ಹೊತ್ತಿನಲ್ಲೂ ನನಗೆ ಭಯವಾಗಲಿಲ್ಲ, ಸಂತೋಷವಾಯಿತು. ಅಮ್ಮ ಮೊದಲ ಸ್ವಿಚ್ಚು ಹಾಕುವುದು, ವಾಲ್ವಿನೊಳಗೆ ಕಿತ್ತಳೆ ಬೆಳಕು ಏಳುವುದು, ಇದನ್ನೇ ಕಾಣುತ್ತಿದ್ದೆ. ಇದನ್ನು ಬರೆಯಲು ಇಷ್ಟು ವರ್ಷ ಹಿಂಜರಿದದ್ದು ಆ ಸಂತೋಷದ ಕಾರಣಕ್ಕೇ.

ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಅಪ್ಪ ಕೇಳಿದರು.

“ಹೇಗೆ ಬರ್ತಿದ್ದ? ನಡ್ಕೊಂಡೋ, ಸೈಕಲ್ ಮೇಲೋ?”

“ಸೈಕಲ್ ಮೇಲೆ,” ಎಂದೆ.

ಅವರ ನೋಟ ನನ್ನ ತಲೆಯ ಮೇಲಿಂದ ಹಾದು ಹಿಂದೆ ಎಲ್ಲೋ ನಿಂತಿತು. ತಿರುಗಿ ನೋಡಿದೆ. ಕಂಟ್ರೋಲ್ ರೂಮಿನ ಗೋಡೆಗೆ ನಿಂಗಣ್ಣನ ಸೈಕಲ್ಲು ಒರಗಿತ್ತು. ಕ್ಯಾರಿಯರಿನಲ್ಲಿ ಅವನ ಊಟದ ಡಬ್ಬಿ ಹಗ್ಗ ಬಿಗಿದ ಹಾಗೇ ಇತ್ತು. ಮಧ್ಯಾಹ್ನ ಊಟ ಕೂಡ ಮಾಡದೆ ಅವನು ಏಣಿ ಹೊರುವವರ ಜೊತೆ ಗಾಡಿಯಲ್ಲಿ ಹೋಗಿದ್ದ.

ಅಪ್ಪ ಕೈಗಳನ್ನು ಹಿಡಿಯಿಂದ ಒಂದೊಂದಾಗಿ ತೆಗೆದರು. ಬೀಗ ಮೂರನೇ ಸಲಕ್ಕೆ ಕೂತಿತು. ನನಗೆ ಹೊಡೆಯಲಿಲ್ಲ, ಗದರಲಿಲ್ಲ. ಅಲ್ಲೇ ಜಲ್ಲಿಯ ಮೇಲೆ ಕೂತುಬಿಟ್ಟರು. ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ, ನೆಲದ ಮೇಲೆ, ಮಂಡಿ ಮಡಚಿಕೊಂಡು. ಒಳಗೆ ಫೋನ್ ಬಾರಿಸತೊಡಗಿತು. ಬಾರಿಸಿ ಬಾರಿಸಿ ನಿಂತಿತು, ಮತ್ತೆ ಬಾರಿಸಿತು. ಅಪ್ಪ ಏಳಲಿಲ್ಲ. ಅವರ ಪಕ್ಕದಲ್ಲೇ ನಿಂತಿದ್ದೆ, ಕೂರುವ ಧೈರ್ಯವಿರಲಿಲ್ಲ.

ನಿಂಗಣ್ಣ ಬಂದದ್ದು ಆರಕ್ಕೆ ಐದು ನಿಮಿಷವಿದ್ದಾಗ. ನಡೆದುಕೊಂಡೇ ಬಂದ. ಮೈಯೆಲ್ಲ ಬೆವರು, ತೋಳಿನ ಮೇಲೆ ತರಚಿದ ಗಾಯ, ಹೆಗಲಲ್ಲಿ ಬೆಲ್ಟು.

“ತಡ ಆಗೋಯ್ತು ಸಾ. ಒಂದ್ ಜಂಪರ್ ಅಲ್ಲ, ಇನ್ಸುಲೇಟ್ರೂ ಸೀಳ್ಬುಟ್ಟಿತ್ತು. ಅಮ್ಮಾರ ಕಚೇರಿ ಅಂದಿದ್ರಲ್ಲ, ಅರ್ಧಂಬರ್ಧ ಮಾಡಿ ಇಳಿಯಾಕೆ ಮನ್ಸಾಗ್ನಿಲ್ಲ. ಈಗ್ಲೇ ಇಳ್ದೆ, ಸೀದಾ ಬತ್ತಾ ಇವ್ನಿ.”

ಅವನು ಸಹಿ ಹಾಕಿದ. ಅಪ್ಪ ಕಾಗದವನ್ನು ಎರಡು ಸಲ ಓದಿ, ನಮ್ಮಿಬ್ಬರನ್ನೂ ಅಲ್ಲೇ ನಿಲ್ಲಿಸಿ, ಹೋಗಿ ಲೈನ್ ಕೊಟ್ಟು ಬಂದರು. ಆಮೇಲೆ ನಿಂಗಣ್ಣನ ಮುಂದೆ ನಿಂತು, ಮೇಲಧಿಕಾರಿಗೆ ವರದಿ ಒಪ್ಪಿಸುವವರ ಹಾಗೆ ಹೇಳಿದರು.

“ನಿಂಗೇಗೌಡ, ಐದೂಕಾಲಿಗೆ ನಾನು ಬೀಗ ತೆಗೆದಿದ್ದೆ. ಕೈ ಹಿಡಿ ಮೇಲಿತ್ತು. ನೀನು ಇಳಿದಿದ್ದೀಯ ಅಂತ ನಂಬಿದ್ದೆ. ನಿನ್ನ ಸೈಕಲ್ ಕಂಡು ನಿಲ್ಲಿಸಿದೆ. ತಪ್ಪು ನಂದು. ನೀನು ದೂರು ಬರೆದು ಕೊಟ್ಟರೆ ನಾನೇ ಮೇಲಕ್ಕೆ ಕಳಿಸ್ತೀನಿ.”

ನಿಂಗಣ್ಣ ಅಪ್ಪನನ್ನು ನೋಡಿದ, ಸೈಕಲ್ಲನ್ನು ನೋಡಿದ.

“ಲೈನ್ ಆಕ್ನಿಲ್ವಲ್ಲ, ಬುಡಿ ಸಾ.”

ನನ್ನ ಹೆಸರನ್ನು ಅಪ್ಪ ಎತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಿಂಗಣ್ಣ ಡಬ್ಬಿ ಬಿಚ್ಚಿ, ತಣ್ಣಗಾದ ಮುದ್ದೆಯನ್ನು ನಲ್ಲಿಯ ಹತ್ತಿರ ಕೂತು ಉಣ್ಣತೊಡಗಿದ. ನಾನು ಮನೆಗೆ ನಡೆದೆ.

ಮಂಟಪದಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ. ಯಾವುದಕ್ಕಾಗಿ ಆ ಸುಳ್ಳು ಹೇಳಿದ್ದೆನೋ ಅದೇ ನನಗೆ ತಪ್ಪಿಹೋಯಿತು. ಆ ದಿನ ಊಟಕ್ಕೆ ಕೂತಾಗ ಅಮ್ಮ ಹೇಳಿದಳು. ಐದೂವರೆಗೆ ತಾತ ಛತ್ರಿ ತೆಗೆದುಕೊಂಡು ಎದ್ದರಂತೆ. ಹೊರಟರು ಎಂದುಕೊಂಡಳಂತೆ. ಅವರು ಕುರ್ಚಿಯನ್ನು ಎಳೆದುಕೊಂಡು ವೇದಿಕೆ ಹತ್ತಿ, ಅವಳ ಮಂಡಿಗೆ ತಾಗುವಷ್ಟು ಹತ್ತಿರ ಕೂತು, “ನುಡಿಸು, ಪೆಟ್ಟಿಗೆ ಇಲ್ಲದೇ ನುಡಿಸು” ಎಂದರಂತೆ. ಬರಿ ತಂತಿಯ ಸದ್ದು ಸೊಳ್ಳೆಯ ಸದ್ದಿನಷ್ಟು. ತಾತ ಬಗ್ಗಿ ಕಿವಿ ಕೊಟ್ಟು ತೋಡಿ ಪೂರ್ತಿ ಕೇಳಿದರಂತೆ. ಆರರ ಹೊತ್ತಿಗೆ ಕರೆಂಟು ಬಂದಾಗ ಅವರು ಮೆಟ್ಟಿಲಿಳಿಯುತ್ತಿದ್ದರು. ಅಮ್ಮ ಆಗಲೂ ಅವಸರ ಮಾಡದೆ, ಮೊದಲ ಸ್ವಿಚ್ಚು ಹಾಕಿ, ವಾಲ್ವು ಕಾಯುವ ತನಕ ಕೈಕಟ್ಟಿ ಕೂತು, ಉಳಿದಿದ್ದವರಿಗೆ ಒಂದು ಗಂಟೆ ನುಡಿಸಿದಳು.

“ನಿಮ್ಮಪ್ಪ ಹೋಗುವಾಗ ಏನಂದ್ರು?” ಎಂದು ಅಜ್ಜಿ ಕೇಳಿದಳು.

“ತೋಡಿಯ ಗಾಂಧಾರ ಸರಿಯಾಗಿದೆ ಅಂದ್ರು.”

ಅಮ್ಮನ ಕಣ್ಣು ತುಂಬಿತ್ತು. ಅಷ್ಟು ಹೊಳೆಯುವ ಅವಳ ಮುಖವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವಳು ನನ್ನ ಕಡೆ ತಿರುಗಿ, “ನೀನೆಲ್ಲಿ ಹೋಗಿದ್ದೆ ಪುಟ್ಟಿ, ತಾತ ಹುಡುಕಿದರು” ಎಂದಳು. ಅಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟರು. ಅವರು ನನ್ನನ್ನು ಕಾಪಾಡಲು ಸಿದ್ಧರಿದ್ದರು, ಅದು ಗೊತ್ತಾಯಿತು. ನನಗೆ ಅದೇ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಸೈಕಲ್ಲಿನ ತನಕ, ಆ ಸಂತೋಷದ ತನಕ.

ಅಮ್ಮ ಅಪ್ಪನ ಕಡೆ ತಿರುಗಿ ಕೇಳಿದಳು.

“ಅವನನ್ನ ಇವತ್ತೇ ಕಂಬ ಹತ್ತಿಸಿದ್ದು ನನ್ನ ವಾಲ್ವಿಗೋಸ್ಕರ ಅಲ್ವಾ?”

ಅಮ್ಮ ತನ್ನ ಎಲೆ ಮಡಚಿದಳು.

ಆ ವಾಲ್ವುಗಳು ಇನ್ನೂ ಒಂಬತ್ತು ವರ್ಷ ಬಾಳಿದವು, ನಾನು ಹಾಸನದಲ್ಲಿ ಡಿಗ್ರಿ ಮುಗಿಸುವ ತನಕ. ಅಮ್ಮ ಅಭ್ಯಾಸವನ್ನು ಬಹುಪಾಲು ಬರಿ ತಂತಿಯಲ್ಲೇ ಮಾಡತೊಡಗಿದಳು. ಪೆಟ್ಟಿಗೆ ಕಛೇರಿಗೆ ಮಾತ್ರ. ದೀಪ ಮಿಣುಕಿದರೆ ತಾನೇ ಎದ್ದು ಪ್ಲಗ್ಗು ಕಿತ್ತಿಡುತ್ತಿದ್ದಳು, ಲೈನಿನ ಮಾತು ಅಪ್ಪನ ಹತ್ತಿರ ಮತ್ತೆ ಎತ್ತಲಿಲ್ಲ. ಒಮ್ಮೆ ರುದ್ರಪಟ್ಟಣದ ಸಂಗೀತೋತ್ಸವದಲ್ಲೂ ನುಡಿಸಿದಳು. ತಾತ ಆಗ ಇರಲಿಲ್ಲ. ಕೊನೆಗೆ ಒಂದು ವಾಲ್ವು, ಯಾರ ತಪ್ಪೂ ಇಲ್ಲದೆ, ತನ್ನ ಆಯಸ್ಸು ಮುಗಿಸಿಕೊಂಡು ಮಂಕಾಯಿತು. ಖಾದರ್ ಸಾಹೇಬರು ಅದನ್ನು ಬೆಳಕಿಗೆ ಹಿಡಿದು, “ಇಷ್ಟು ವರ್ಷ ಯಾರೂ ಬಾಳಿಸಿಲ್ಲ ಬೇಟಿ” ಎಂದರು. ಅವರ ಆ ಮೆಚ್ಚುಗೆಗೆ ಅಮ್ಮ ನಗಲಿಲ್ಲ. ನಾನೂ ನಗಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಕಛೇರಿಯ ಮರುದಿನದ್ದು. ಅದು ಭಾನುವಾರ. ಅಮ್ಮ ಬೆಳಿಗ್ಗೆಯೇ ನನ್ನ ಜಡೆ ಹಾಕಿ, ಕೈ ಹಿಡಿದುಕೊಂಡು ಬಸ್ಸು ಹತ್ತಿಸಿದಳು. ಹೊಳೆಯ ಸೇತುವೆ ದಾಟಿ, ಕ್ರಾಸಿನಲ್ಲಿ ಇಳಿದು, ರಾಗಿ ಹೊಲದ ಬದುವಿನ ಮೇಲೆ ನಡೆದು ನಿಂಗಣ್ಣನ ಮನೆಗೆ ಹೋದೆವು. ನಿಂಗಣ್ಣ ಕೊಟ್ಟಿಗೆಯಲ್ಲಿದ್ದ. ಅವನ ಹೆಂಡತಿ ಜಯಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ನನ್ನಷ್ಟೇ ಎತ್ತರದ ಅವಳ ಮಗಳು. ಜಯಮ್ಮ ಗಡಬಡಿಸಿ ಎದ್ದು ಚಾಪೆ ಹಾಸಿದಳು. ಏನಾದರೂ ತೊಂದರೆಯೇ, ಯಜಮಾನರು ಚೆನ್ನಾಗಿದ್ದಾರೆಯೇ ಎಂದು ಕೇಳಿದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಕೊಟ್ಟಿಗೆಯಿಂದ ಬಂದ ನಿಂಗಣ್ಣ ಅಮ್ಮನ ಮುಖ ನೋಡಿದವನೇ ಕೈ ಅಡ್ಡ ಹಿಡಿದ.

“ಅಮ್ಮಾರೆ, ಅದೆಲ್ಲ ಯಾಕೆ ಇಲ್ಲಿ. ಬುಡಿ, ಕಾಪಿ ಕುಡೀರಿ.”

ಅಮ್ಮ ನನ್ನ ಬೆನ್ನ ಮೇಲೆ ಕೈ ಇಟ್ಟಳು, ಅಷ್ಟೇ. ನಾನು ನಿಂತುಕೊಂಡು ಹೇಳಿದೆ. ಇಳಿದಿಲ್ಲದ ನಿಂಗಣ್ಣನನ್ನು ಇಳಿದಿದ್ದಾನೆ ಎಂದೆ, ಅಪ್ಪ ಬೀಗ ತೆಗೆದರು, ಕೈ ಹಿಡಿಯ ಮೇಲಿತ್ತು. ಜಯಮ್ಮನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಅವಳು ಗಂಡನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಮಗಳ ರಟ್ಟೆ ಹಿಡಿದು ತನ್ನ ಮಗ್ಗುಲಿಗೆ ಎಳೆದುಕೊಂಡಳು. ಆ ಹುಡುಗಿಗೆ ನೋವಾಗಿರಬೇಕು, “ಅವ್ವ” ಎಂದಳು. ಕೋಳಿಯೊಂದು ಜಗಲಿ ಹತ್ತಿ ಕಾಳು ಹೆಕ್ಕಿದರೂ ಯಾರೂ ಓಡಿಸಲಿಲ್ಲ. ಆಮೇಲೆ ಜಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇಲ್ಲೀಗಂಟ ನಡ್ಕಂಡ್ ಬಂದು ಯೇಳ್ದಲ್ಲವ್ವ,” ಎಂದಳು. ದನಿ ಗಟ್ಟಿಯಾಗಿಯೇ ಇತ್ತು, ಮೆತ್ತಗಾಗಿರಲಿಲ್ಲ. “ನಂಗೆ ಸಿಟ್ಟು ಓಗಾಕೆ ವಸಿ ದಿನ ಬೇಕು ಕಣ. ಕುಂತ್ಕ. ಉಂಡ್ಕಂಡು ಓಗು.”

ನಾನು ಕೂತೆ. ಅವಳ ಮಗಳು ತಟ್ಟೆ ತಂದು ನನ್ನ ಮುಂದಿಟ್ಟು, ತಾನೂ ಒಂದು ತಟ್ಟೆ ತೆಗೆದುಕೊಂಡು ಎದುರಿಗೆ ಕೂತು, ಮುದ್ದೆಯನ್ನು ಹೇಗೆ ಮುರಿದು ನುಂಗಬೇಕೆಂದು ಮಾತಿಲ್ಲದೆ ತೋರಿಸಿಕೊಟ್ಟಳು.